ಅಂಟಿಸಿದ ಕೋಟು

ಸಂಶಿಯ ಬಸ್‌ಸ್ಟ್ಯಾಂಡಿನ ಎದುರಿಗೆ ಫೋಟೋ ಸ್ಟುಡಿಯೋ ಇಟ್ಟಿದ್ದ ಮುಜಫರ್ ನದಾಫನಿಗೆ ಊರವರು ಒಂದು ಬಿರುದು ಕೊಟ್ಟಿದ್ದರು. ಶಾಲು ಹೊದಿಸಿ, ಹಾರ ಹಾಕಿ ಕೊಟ್ಟ ಬಿರುದಲ್ಲ. ಚಹದಂಗಡಿಯ ಹರಟೆಯಲ್ಲಿ ತಾನಾಗಿ ಹುಟ್ಟಿ ತಾನಾಗಿ ಬೆಳೆದದ್ದು. ಎಕ್ಸ್‌ರೇ ಕಣ್ಣು! ಮೊಬೈಲಿನಲ್ಲಿ ಬರುವ ವಧು-ವರರ ಜಾಹೀರಾತುಗಳಲ್ಲಿ ಖರೇ ಯಾವುದು, ಖೋಟಾ ಯಾವುದು ಎಂದು ಅವನು ನೋಡಿದ ಕೂಡಲೇ ಹೇಳಿಬಿಡುತ್ತಿದ್ದ. ಹೇಳಿದ್ದು ಒಂದೂ ತಪ್ಪಿರಲಿಲ್ಲ. ತಪ್ಪಿರಲಿಲ್ಲ ಎನ್ನುವುದೇ ಮುಂದೆ ಅವನಿಗೆ ಮುಳುವಾಯಿತು.

ಹೆಸರು ಬಂದದ್ದು ಕುಬಿಹಾಳದ ಬಸಣ್ಣನಿಂದ. ಬಸಣ್ಣನ ತಮ್ಮ ಸಿದ್ಧಲಿಂಗನಿಗೆ ಎಷ್ಟು ಹುಡುಕಿದರೂ ಹೆಣ್ಣು ಸಿಕ್ಕಿರಲಿಲ್ಲ. ಹೊಲ ಇತ್ತು, ಟ್ರ್ಯಾಕ್ಟರ್ ಇತ್ತು, ಮೆಣಸಿನಕಾಯಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಒಕ್ಕಲುತನದ ಗಂಡು ಅಂದ ಕೂಡಲೇ ಹೆಣ್ಣಿನ ಕಡೆಯವರು ಚಹಾ ಕುಡಿದು ಎದ್ದುಬಿಡುತ್ತಿದ್ದರು. ಕೊನೆಗೆ ಸಿದ್ಧಲಿಂಗ ಮೊಬೈಲಿನಲ್ಲೇ ಒಬ್ಬಳನ್ನು ಹುಡುಕಿಕೊಂಡ. ಮೈಸೂರಿನ ಕಡೆಯ ಶಿಕ್ಷಕಿಯಂತೆ, ಹಳ್ಳಿಯೆಂದರೆ ಪ್ರಾಣವಂತೆ, ರೊಟ್ಟಿ ಬಡಿಯುವುದನ್ನೂ ಕಲಿಯುತ್ತಾಳಂತೆ. ಮಾತು ಇನ್ನೂ ಬೆಚ್ಚಗಾಗುವ ಮೊದಲೇ ಆಕೆಯ ತಾಯಿ ಆಸ್ಪತ್ರೆ ಸೇರಿದಳು, ಆಸ್ಪತ್ರೆಯವರು ರೊಕ್ಕ ಕೇಳಿದರು. ತಮ್ಮ ಕಳಿಸಲು ಹೊರಟಾಗ ಬಸಣ್ಣ ಅವನ ಕೈಯಿಂದ ಮೊಬೈಲು ಕಸಿದುಕೊಂಡು ನೆಟ್ಟಗೆ ಮುಜಫರನ ಸ್ಟುಡಿಯೋಕ್ಕೆ ಬಂದ.

ಮುಜಫರ್ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಹುಡುಗಿಯ ಕೊರಳಿನ ಸುತ್ತ ಒಂದು ಮಸುಕು ಗೆರೆ ಇತ್ತು.

"ಬಸಣ್ಣಾ, ಈಕಿ ಕೊಳ್ಳಾಗಿನ ತಾಳಿ ಅಳಿಸ್ಯಾರ್ರಿ. ಯಾರದೋ ಮನಿ ಹೆಣಮಗಳ ಫೋಟೋ ಕದ್ದು ಹಾಕ್ಯಾರ."

"ತಾಳಿ ಕಾಣಸ್ತೈತೇನ್ರಿ ನಿಮಗ?"

"ತಾಳಿ ಕಾಣೂದಿಲ್ಲ, ಅಳಿಸಿದ್ದು ಕಾಣತೈತಿ."

ಈ ಒಂದು ಮಾತನ್ನು ಬಸಣ್ಣ ಸುತ್ತಲಿನ ಊರಿಗೆಲ್ಲ ಹಂಚಿದ. ಹೆಣ್ಣು ಹುಡುಕುವವರು, ಗಂಡು ಹುಡುಕುವವರು, ಎರಡನೇ ಸಂಬಂಧದವರು, ಎಲ್ಲರೂ ಮೊಬೈಲು ಹಿಡಿದು ಸ್ಟುಡಿಯೋಕ್ಕೆ ಬರತೊಡಗಿದರು. ಮುಜಫರ್ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅವರು ಬಾಯಿ ತೆರೆದುಕೊಂಡು ಕೇಳಿದರೆ ಅವನಿಗೆ ಸಾಕಿತ್ತು, ಅದು ಧಾರಾಳವಾಗಿ ಸಿಗುತ್ತಿತ್ತು.

"ಕಳ್ಳ ಜಾಹೀರಾತಿನ್ಯಾಗ ಎಮ್ಮಿ ಇರಾಂಗಿಲ್ಲ ನೋಡ್ರಿ," ಎಂದು ಪಾಠ ಶುರು ಮಾಡುತ್ತಿದ್ದ. "ಬಂಗಲೆ ಇರ್ತೈತಿ, ಕಾರ್ ಇರ್ತೈತಿ, ಪರದೇಶದಾಗ ನೌಕರಿ ಇರ್ತೈತಿ. ನಮ್ಮನ್ಯಾಗ ಎರಡು ಎಮ್ಮಿ ಅದಾವು, ಒಂದ ಹಿಂಡತೈತಿ ಅಂತ ಬರದಾಂವ ಕಳ್ಳ ಅಲ್ಲ. ಸುಳ್ಳು ಹೇಳಾಂವ ತನ್ನ ಕೊರತಿ ತಾನ ಯಾಕ ಹೇಳ್ಯಾನು?"

ಇನ್ನು ಕೋಟಿನ ಮಾತು. ಆ ಕಡೆಯ ಸ್ಟುಡಿಯೋಗಳಲ್ಲಿ ವರನ ಫೋಟೋ ತೆಗೆಯುವ ರೀತಿಯೇ ಬೇರೆ. ಅಂಗಿ ತೊಟ್ಟು ಬಂದವನ ಕುತ್ತಿಗೆಯಿಂದ ಮೇಲಿನದನ್ನಷ್ಟೇ ಕತ್ತರಿಸಿ, ಕಂಪ್ಯೂಟರಿನಲ್ಲಿ ಮೊದಲೇ ಇರುವ ಕೋಟಿನ ಮೈಗೆ ಅಂಟಿಸುತ್ತಾರೆ. ಆ ಕೋಟುಗಳು ಒಂದು ಸ್ಟುಡಿಯೋದಿಂದ ಇನ್ನೊಂದಕ್ಕೆ ಪೆನ್‌ಡ್ರೈವಿನಲ್ಲಿ ಹೋಗಿ ಬಂದು, ಕುಂದಗೋಳ, ಅಣ್ಣಿಗೇರಿ, ನವಲಗುಂದ ಎಲ್ಲ ಕಡೆಯ ವರರೂ ಅದೇ ನೀಲಿ ಕೋಟು, ಅದೇ ಕೆಂಪು ಟೈಯಲ್ಲಿ ನಿಂತಿರುತ್ತಾರೆ. ಕೆಲಸ ಅವಸರದ್ದಾದರೆ ಕಿವಿಯ ಹಿಂದೆ ಒಂದು ಬಿಳಿ ಅಂಚು ಉಳಿಯುತ್ತದೆ. ಯಾರೂ ಇದನ್ನು ಮೋಸ ಅನ್ನುವುದಿಲ್ಲ. ಖೋಟಾ ಜಾಹೀರಾತಿನವರು ಎಲ್ಲಿಯದೋ ಚೆಂದದ ಮನುಷ್ಯನ ಇಡೀ ಫೋಟೋವನ್ನೇ ಕದಿಯುತ್ತಾರೆ. ಇಷ್ಟು ಒಡ್ಡೊಡ್ಡಾಗಿ ಕೋಟು ಅಂಟಿಸುವ ಗೋಜಿಗೆ ಹೋಗುವುದಿಲ್ಲ. "ಕೋಟು ಅಂಟಿಸಿದಾಂವ ನಮ್ಮಾಂವ" ಎಂದು ಮುಜಫರನೇ ಎಷ್ಟು ಸಲ ಹೇಳಿದ್ದನೋ.

ಕಣ್ಣಿನ ಕೀರ್ತಿ ಬೆಳೆದಂತೆ ಮೊಬೈಲಿನಲ್ಲಿ "ಹುಷಾರ್ ಸಂಶಿ" ಎಂಬ ಗುಂಪು ಹುಟ್ಟಿತು. ಖೋಟಾ ಎಂದು ಗೊತ್ತಾದ ಫೋಟೋದ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡ ಗೆರೆ ಎಳೆದು ಮುಜಫರ್ ಅದರಲ್ಲಿ ಹಾಕುತ್ತಿದ್ದ. ಅವನು ಗೆರೆ ಎಳೆದನೆಂದರೆ ಮುಗಿಯಿತು, ಅದರ ಮೇಲೆ ಅಪೀಲು ಇಲ್ಲ.

ಅವನ ತಂಗಿ ರೂಬಿನಾ ತಲಾಕ್ ಆಗಿ ತವರಿಗೆ ಬಂದು ವರ್ಷಗಳೇ ಆಗಿದ್ದವು. ಮಕ್ಕಳಿರಲಿಲ್ಲ. ಬಂದವಳು ಒಂದು ದಿನವೂ ಕೈಕಟ್ಟಿ ಕೂತವಳಲ್ಲ. ಅವ್ವ ಫಾತಿಮಾಬಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದ ಮೇಲೆ ತಿನ್ನಿಸುವುದು, ತೊಳೆಯುವುದು, ಮಗ್ಗುಲು ತಿರುಗಿಸುವುದು ಎಲ್ಲವೂ ಅವಳದೇ. ಮುಜಫರನ ಹೆಂಡತಿ ಖುಷ್ಬೂ ಕುಂದಗೋಳದ ಕಡೆ ಶಾಲೆಯೊಂದರಲ್ಲಿ ಶಿಕ್ಷಕಿ, ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ಬರುವವಳು. ಅವಳ ಮಕ್ಕಳನ್ನು ಎತ್ತಿ ಆಡಿಸಿದ್ದೂ ರೂಬಿನಾನೇ. ಇದು ಮನೆಯದಾಯಿತು. ಸ್ಟುಡಿಯೋ ನಡೆಯುತ್ತಿದ್ದದ್ದೂ ಅವಳಿಂದಲೇ ಎಂದರೆ ಮುಜಫರನಿಗೆ ಸಿಟ್ಟು ಬರುತ್ತಿತ್ತು, ಆದರೆ ಅದು ನಿಜ. ಬುರ್ಖಾದ ಹೆಣ್ಣುಮಕ್ಕಳು, ತಲೆ ಮೇಲೆ ಸೆರಗು ಹೊದ್ದು ಬರುವ ಹಳ್ಳಿಯ ಹೆಣ್ಣುಮಕ್ಕಳು ಪರಗಂಡಸಿನ ಮುಂದೆ ಮುಖ ಬಿಗಿದುಕೊಂಡು ನಿಲ್ಲುತ್ತಾರೆ. ರೂಬಿನಾ ಕ್ಯಾಮೆರಾದ ಬಾಜೂ ನಿಂತು, ಸೆರಗು ಸರಿಮಾಡಿ, ಏನಾದರೊಂದು ಅಂದು ನಗಿಸುತ್ತಿದ್ದಳು. ಮುಜಫರ್ ಗುಂಡಿ ಒತ್ತುತ್ತಿದ್ದ. ಹೆಸರು ಗುಂಡಿ ಒತ್ತಿದವನಿಗೆ.

ಒಂದು ಮಧ್ಯಾಹ್ನ ಸ್ಟುಡಿಯೋದಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ರೂಬಿನಾ ತನ್ನ ಮೊಬೈಲನ್ನು ಅಣ್ಣನ ಮುಂದೆ ಇಟ್ಟಳು.

"ಅಣ್ಣಾ, ಇದೊಂದು ನೋಡು. ಖರೇ ಐತೋ, ಖೋಟಾ ಐತೋ ಹೇಳು."

ಎರಡನೇ ಮದುವೆಯವರ ಜಾಹೀರಾತು. ಮುಜಫರ್ ಓದಿದ. "ಇಮಾಮುದ್ದೀನ ನದಾಫ. ಮೂಲ ತಿರ್ಲಾಪುರ, ಈಗ ನವಲಗುಂದದಲ್ಲಿ ಗಾದಿ ಅಂಗಡಿ. ಹೆಂಡತಿ ತೀರಿಕೊಂಡಿದ್ದಾರೆ. ಹೈಸ್ಕೂಲಿಗೆ ಹೋಗುವ ಮಗಳು ಇದ್ದಾಳೆ. ತೀರಿಹೋದ ಹೆಂಡತಿಯ ತಾಯಿ ನಮ್ಮ ಮನೆಯಲ್ಲೇ ಇರುತ್ತಾರೆ, ಮುಂದೆಯೂ ಇರುತ್ತಾರೆ. ನನಗೆ ಎಡ ಕಿವಿ ಮಂದ. ಒಪ್ಪಿಗೆ ಇದ್ದವರು ಮಾತ್ರ ಫೋನ್ ಮಾಡಿರಿ." ಮೇಲೆ ಫೋಟೋ. ನೀಲಿ ಕೋಟು, ಕೆಂಪು ಟೈ, ಕಿವಿಯ ಹಿಂದೆ ಬಿಳಿ ಅಂಚು.

ಇದಕ್ಕಿಂತ ಖರೇ ಜಾಹೀರಾತನ್ನು ಮುಜಫರ್ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಸತ್ತ ಹೆಂಡತಿಯ ತಾಯಿಯನ್ನು ಸಾಕುತ್ತೇನೆ ಎಂದು ಯಾವ ಕಳ್ಳ ಬರೆದಾನು? ಕಿವಿ ಕೇಳುವುದಿಲ್ಲ ಎಂದು ಯಾವ ಕಳ್ಳ ಬರೆದಾನು?

"ಯಾರಿಗೆ ಬೇ ಇದು?" ಎಂದು ಕೇಳಿದ.

"ಹಿಂಗ... ಕೇಳಾಕತ್ತಾರ," ಎಂದಳು ರೂಬಿನಾ. ಹಿಂದಿನ ಪರದೆಯ ನೆರಿಗೆ ಸರಿಯಾಗಿಯೇ ಇತ್ತು, ಅವಳು ಅದನ್ನು ಮತ್ತೆ ಸರಿಮಾಡತೊಡಗಿದಳು. ಅವಳ ಕಿವಿಯ ತುದಿ ಕೆಂಪಾಗಿತ್ತು.

ಮುಜಫರನಿಗೆ ತಿಳಿಯಿತು. ತಿಳಿದ ಗಳಿಗೆಯಲ್ಲೇ ಹಿಂದುಗಡೆ ಮನೆಯೊಳಗಿಂದ ಅವ್ವ ಅವಳನ್ನು ಕೂಗಿದಳು, ರೂಬಿನಾ "ಬಂದೆ ಬೇ ಅವ್ವಾ" ಎಂದು ಓಡಿದಳು. ಅವಳು ತಿರುಗಿ ಬರುವಷ್ಟರಲ್ಲಿ ಅವನ ತಲೆಯಲ್ಲಿ ಇಡೀ ಮನೆ ಒಮ್ಮೆ ಅಲ್ಲೋಲಕಲ್ಲೋಲವಾಗಿ ಹೋಗಿತ್ತು. ಇವಳು ನವಲಗುಂದಕ್ಕೆ ಹೋದರೆ ಅವ್ವನನ್ನು ಎತ್ತುವವರು ಯಾರು? ಖುಷ್ಬೂ ನೌಕರಿ ಬಿಡುತ್ತಾಳೆಯೇ? ಸ್ಟುಡಿಯೋದಲ್ಲಿ ಹೆಣ್ಣುಮಕ್ಕಳನ್ನು ನಗಿಸುವವರು ಯಾರು? ಒಂದು ಪ್ರಶ್ನೆಯೂ ರೂಬಿನಾಳ ಬಗ್ಗೆ ಇರಲಿಲ್ಲ. ಅದು ಅವನಿಗೆ ಆಗ ಹೊಳೆಯಲೂ ಇಲ್ಲ.

"ಖೋಟಾ ಐತಿ," ಎಂದ.

ರೂಬಿನಾ ಬಾಗಿಲಲ್ಲೇ ನಿಂತಳು.

"ನೋಡಿಲ್ಲಿ. ಕೋಟಿನ ಮೈ ಒಂದು, ತಲಿ ಒಂದು. ಇದ ಮೈ ಬ್ಯಾರೆ ಬ್ಯಾರೆ ಹೆಸರಿನ್ಯಾಗ ನಾ ನೋಡೇನಿ. ತಲಿ ಬದಲಿ ಮಾಡ್ಕೋತ ಹೊಂಟಾರ ಮಕ್ಕಳು. ಇಂಥಾವರ ಗೊಡವಿಗೆ ಹೋಗಬ್ಯಾಡ ಅಂತ ಹೇಳು ಅವರಿಗೆ."

ಅವನ ಮಾತಿನಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ, ನೋಡಿ. ಮೈ ಒಂದು, ತಲೆ ಒಂದು, ಅದು ಸರಿ. ಅದೇ ಮೈ ಬೇರೆ ಹೆಸರುಗಳಲ್ಲಿತ್ತು, ಅದೂ ಸರಿ. ಎಲ್ಲ ನಿಜಗಳನ್ನು ಜೋಡಿಸಿ ಒಂದು ಹಸಿ ಸುಳ್ಳು ಮಾಡಿಟ್ಟಿದ್ದ. ಈ ಜೋಡಿಸುವ ಕೆಲಸದಲ್ಲಿ ಅವನದು ಎತ್ತಿದ ಕೈ.

ರೂಬಿನಾ "ಹೌದಾ" ಎಂದಳು. ಮೊಬೈಲು ತೆಗೆದುಕೊಂಡು, ಓಢಣಿಯ ಚುಂಗಿನಿಂದ ಅದರ ಗಾಜನ್ನು ಒರೆಸಿ, ಒಳಗೆ ಹೋದಳು. ಇಷ್ಟು ಸಲೀಸಾಗಿ ನಂಬಿದಳಲ್ಲ ಎಂದು ಮುಜಫರ್ ನಿಟ್ಟುಸಿರು ಬಿಟ್ಟ.

ಆದರೆ ಮನೆಯೊಳಗೆ ಒಂಟಿಯಾಗಿದ್ದ ಸುಳ್ಳಿಗೆ ಧೈರ್ಯ ಸಾಲದು, ಅದಕ್ಕೆ ಊರಿನ ಜೊತೆ ಬೇಕು. ಇವಳು ಆ ಮನುಷ್ಯನಿಗೆ ಫೋನು ಮಾಡಿದರೆ? ಇವಳ ಮನಸ್ಸು ಮತ್ತೆ ಅತ್ತ ಹೊರಳಿದರೆ? ಮುಜಫರ್ ಅದೇ ಸಂಜೆ ಇಮಾಮುದ್ದೀನನ ಫೋಟೋದ ಮೇಲೆ ಕೆಂಪು ಗೆರೆ ಎಳೆದು, ಒಂದೇ ಮೈ, ಬೇರೆ ಬೇರೆ ತಲೆ ಎಂದು ಕೆಳಗೆ ಬರೆದು, "ಹುಷಾರ್ ಸಂಶಿ"ಯಲ್ಲಿ ಹಾಕಿದ. ಹಾಕಿದ ಕೂಡಲೇ ಶಾಬ್ಬಾಸ್‌ಗಿರಿ ಬಂತು. ಎಲ್ಲಕ್ಕಿಂತ ಮೊದಲನೆಯದು ಬಸಣ್ಣನದು.

ಅದಾದ ಮೇಲೆ ರೂಬಿನಾ ಬದಲಾದಳು ಎನ್ನುವಂತಿರಲಿಲ್ಲ. ಮೊದಲಿನಂತೆಯೇ ಅವ್ವನನ್ನು ನೋಡಿಕೊಂಡಳು, ಸ್ಟುಡಿಯೋಕ್ಕೆ ಬಂದಳು, ಬಂದ ಹೆಣ್ಣುಮಕ್ಕಳನ್ನು ನಗಿಸಿದಳು. ತಾನು ಮಾತ್ರ ನಗುತ್ತಿರಲಿಲ್ಲ. ಮನೆಯ ಪಾತ್ರೆಗಳು ಮೊದಲಿಗಿಂತ ಹೆಚ್ಚು ಬೆಳಗತೊಡಗಿದವು, ಅಷ್ಟು ತಿಕ್ಕುತ್ತಿದ್ದಳು. ಮುಜಫರ್ ರಮಜಾನಿಗೆ ಅವಳಿಗಾಗಿ ಹುಬ್ಬಳ್ಳಿಯಿಂದ ಒಳ್ಳೆಯ ಬಟ್ಟೆ ತಂದ. "ಚೊಲೋ ಐತಣ್ಣಾ" ಎಂದು ತೆಗೆದು ಟ್ರಂಕಿನಲ್ಲಿಟ್ಟಳು. ಹೊಲಿಸಲಿಲ್ಲ. ಅವಳ ಮುಂದೆ ಊಟಕ್ಕೆ ಕೂತಾಗಲೆಲ್ಲ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದ. ಅಷ್ಟರಲ್ಲಿ ಅವಳು ಅವ್ವನನ್ನು ಎತ್ತಿ ಕೂಡಿಸಿ ಬಾಯಿಗೆ ಗಂಜಿ ಇಡುವುದನ್ನು ನೋಡಿ ಸುಮ್ಮನಾಗುತ್ತಿದ್ದ. ಹೇಡಿ ಮನುಷ್ಯ ಹೇಡಿತನಕ್ಕೂ ಅವ್ವನ ಹೆಸರೇ ಇಟ್ಟುಕೊಂಡಿದ್ದ.

ಬಕ್ರೀದ್ ಕಳೆದು ಕೆಲವು ದಿನಕ್ಕೆ ಬಸಣ್ಣ ಸ್ಟುಡಿಯೋಕ್ಕೆ ಬಂದು ಕುರ್ಚಿ ಎಳೆದುಕೊಂಡು ಕೂತ. ಮುಖದಲ್ಲಿ ಗೆದ್ದ ಕಳೆ.

"ಮುಜಫರ್ ಭಾಯಿ, ಆ ಕೋಟಿನಾಂವ ಸಿಕ್ಕಾನ್ರಿ. ಮೊನ್ನಿ ನವಲಗುಂದಕ್ಕ ಹೋದಾಗ ಕಣ್ಣಾರೆ ನೋಡಿ ಬಂದೆ. ಗಾದಿ ಅಂಗಡಿ ಇಟ್ಟಾನ ಮಗ."

ಮುಜಫರ್ ತನ್ನ ಕುರ್ಚಿಯನ್ನು ಅವನ ಹತ್ತಿರ ಎಳೆದ. "ಅಂಗಡಿ ಐತಿ ಅಂದಮ್ಯಾಲ... ಮನಷ್ಯಾ ಖರೇ ಇರಬೇಕಲ್ರಿ, ಬಸಣ್ಣ?"

"ಅಂಗಡಿ ಇದ್ರ ಏನಾತ್ರಿ? ನೀವ ಗೆರಿ ಎಳದೀರಿ. ನಮ್ಮ ಮಂದಿ ಹೋಗಿ ಚೊಲೋತ್ನಂಗ ಬೈದು ಬಂದಾರ. ಹೆಣಮಕ್ಕಳಿಗೆ ಮೋಸ ಮಾಡ್ತೀಯೇನಲೇ ಅಂತ ಅಂಗಡಿ ಮುಂದ ನಿಂತ ಒದರ್‍ಯಾರ. ಅಂವ ಒಂದ ಮಾತ ಆಡಲಿಲ್ಲಂತ. ಅವನ ಮಗಳಿಗೆ ಸಾಲ್ಯಾಗ ಹುಡುಗೂರು ಕಾಡಸ್ತಾರಂತ, ನಿಮ್ಮಪ್ಪಗ ಎಷ್ಟ ತಲಿ ಅಂತ." ಬಸಣ್ಣ ನಕ್ಕ.

ಬಸಣ್ಣ ಒಳ್ಳೆಯವನೇ. ಮುಜಫರನ ಕಣ್ಣನ್ನು ತನ್ನ ಕಣ್ಣಿಗಿಂತ ಹೆಚ್ಚು ನಂಬಿದ್ದ, ಅಷ್ಟೇ ಅವನ ತಪ್ಪು. ಅವನು ಎದ್ದು ಹೋದ ಮೇಲೆ ಮುಜಫರ್ ಸ್ಟುಡಿಯೋದ ಬಾಗಿಲು ಎಳೆದುಕೊಂಡು ಸಿಕ್ಕ ಬಸ್ಸು ಹತ್ತಿದ. ಹುಬ್ಬಳ್ಳಿಯಲ್ಲಿ ಇಳಿದು ನವಲಗುಂದದ ಬಸ್ಸು ಹಿಡಿದ. ಹೋಗಿ ಏನು ಹೇಳುತ್ತೇನೆ ಎನ್ನುವುದು ಅವನಿಗೇ ಗೊತ್ತಿರಲಿಲ್ಲ.

ಗಾದಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಇಮಾಮುದ್ದೀನ ಅರಳೆಯ ನಡುವೆ ಕೂತು ದಬ್ಬಣದಿಂದ ಗಾದಿ ಹೊಲಿಯುತ್ತಿದ್ದ. ಮೈಮೇಲೆ ಕೋಟಿರಲಿಲ್ಲ, ಬನಿಯನ್ ಇತ್ತು. ತಲೆ ಮೀಸೆಯ ಮೇಲೆಲ್ಲ ಅರಳೆಯ ನೂಲು. ಮುಜಫರ್ ಮಾತಾಡಿದಾಗ ಅವನು ಬಲಗಿವಿಯನ್ನು ಮುಂದೆ ತಂದ.

"ಗಾದಿ ಬೇಕಾಗಿತ್ರಿ. ನಮ್ಮವ್ವ ಹಾಸಿಗಿ ಹಿಡದಾರ," ಎಂದ ಮುಜಫರ್. ಬೇರೇನೂ ಬಾಯಿಗೆ ಬರಲಿಲ್ಲ.

"ಹಂಗಿದ್ರ ಬಿಗಿ ತುಂಬಬಾರದ್ರಿ. ಬೆನ್ನು ಹುಣ್ಣಾಗತೈತಿ. ಹಗೂರ ತುಂಬಿ ಕೊಡ್ತೇನಿ, ಆದ್ರ ದಿನಾ ಬಿಸಲಿಗೆ ಹಾಕಬೇಕು. ಯಾರರ ನೋಡ್ಕೊಳ್ಳಾವ್ರು ಅದಾರಿಲ್ಲೋ?"

"ನನ್ನ ತಂಗಿ ಅದಾಳ್ರಿ."

"ಪುಣ್ಯೇವಂತರು. ಯಾವೂರಾತ್ರಿ?"

"ಸಂಶಿ."

ದಬ್ಬಣ ನಿಂತಿತು. ಇಮಾಮುದ್ದೀನ ಸಿಟ್ಟಾಗಲಿಲ್ಲ, ನಕ್ಕ. ಆ ನಗೆ ಬೈಗುಳಕ್ಕಿಂತ ಕೆಟ್ಟದಾಗಿತ್ತು. "ಸಂಶಿಯವರು ನನ್ನ ಕಳ್ಳ ಮಾಡ್ಯಾರ್ರಿ," ಎಂದ. "ಮದುವಿಗೆ ಅಂತ ಫೋಟೋ ಹಾಕಿದ್ದೆ. ಕೋಟು ಬ್ಯಾಡಪಾ ಅಂದ್ರ ಸ್ಟುಡಿಯೋದಾಂವ ಕೇಳಲಿಲ್ಲ. ಆ ಕೋಟಿನ ಸಲುವಾಗಿ ನನ್ನ ಮಗಳು ಸಾಲಿ ಬಿಡ್ತೇನಿ ಅಂತ ಕುಂತಿದ್ಲು." ದಬ್ಬಣವನ್ನು ಅರಳೆಗೆ ಚುಚ್ಚಿಟ್ಟು, "ಅದ ಊರಾಗ ಒಬ್ಬಾಕಿ ಹೆಣಮಗಳು ಮಾತ್ರ ನಂಬಿದ್ರು. ಅದನ್ನ ನಾ ಮರಿಯೂದಿಲ್ಲ," ಎಂದ.

"ಯಾರ್ರಿ?"

"ಹೆಸರು ಬ್ಯಾಡ್ರಿ, ಮಂದಿ ಮನಿ ಮಾತು. ಜಾಹೀರಾತು ನೋಡಿ ಮೊದಲ ಒಮ್ಮೆ ಮಾತಾಡಿದ್ರು. ಆ ಫೋಟೋ ಹರದಾಡಿದಾಗ ಮತ್ತ ಫೋನ್ ಮಾಡಿದ್ರು. ನೀವು ಖೋಟಾ ಅಲ್ಲ ಅಂತ ನನಗ ಗೊತ್ತೈತಿ, ನಮ್ಮಣ್ಣಗೂ ಗೊತ್ತೈತಿ ಅಂದ್ರು. ನಾ ಹ್ವಾದ್ರ ಮನಿ ನಡಿಯೂದಿಲ್ಲ, ಅದನ್ನ ಅವಗ ಹೇಳಾಕ ಬರಲಿಲ್ಲ, ಅದಕ್ಕ ಹಂಗಂದಾನ. ಅವನ ಮ್ಯಾಲ ಸಿಟ್ಟಾಗಬ್ಯಾಡ್ರಿ ಅಂದ್ರು. ನಾ ಕಾಯ್ತೇನಿ ಅಂದೆ. ಬ್ಯಾಡ ಅಂದು ಇಟ್ಟಬಿಟ್ರು."

ಮುಜಫರನಿಗೆ ತಿಳಿಯಿತು, ಅದು ರೂಬಿನಾ. ಅವಳಿಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ತಿಂಗಳು ಅವನ ತಾಟಿಗೆ ರೊಟ್ಟಿ ಹಾಕಿದ್ದಳು.

ಒಳಗಿನಿಂದ ಒಬ್ಬ ಹೆಣ್ಣುಮಗಳು ಎರಡು ಕಪ್ ಚಹಾ ತಂದಿಟ್ಟಳು. ಅಂಗೈಯಲ್ಲಿ ಮೆಹಂದಿ ಇನ್ನೂ ಪೂರಾ ಹೋಗಿರಲಿಲ್ಲ. "ನಮ್ಮ ಮನಿಯವ್ರು," ಎಂದ ಇಮಾಮುದ್ದೀನ. "ಬಕ್ರೀದ್ ಆದ ಬಳಿಕ ನಿಕಾ ಆತ್ರಿ. ಹೆಸರು ಕೆಟ್ಟೈತಿ, ಇನ್ನ ಆರಸಬ್ಯಾಡ, ಒಪ್ಪಿದಾಕಿನ್ನ ಮಾಡ್ಕೋ ಅಂತ ಹಿರ್‍ಯಾರು ಅವಸರ ಮಾಡಿದ್ರು."

ಮುಜಫರ್ ಚಹಾದ ಕಪ್ ಕೆಳಗಿಟ್ಟ. ಇಮಾಮುದ್ದೀನನ ಹೆಂಡತಿ ಒಳಗೆ ಹೋಗುವ ತನಕ ಕಾದು, "ಆ ಅಣ್ಣ ನಾನ ರೀ," ಎಂದ. "ಗೆರಿ ಎಳದಾಂವ ನಾನು. ನಿಮ್ಮ ಫೋಟೋ ನೋಡಿದ ಕೂಡಲೇ ನನಗ ಖರೇ ಅಂತ ಗೊತ್ತಾಗಿತ್ತು."

ಇಮಾಮುದ್ದೀನ ಎದ್ದು ನಿಂತು ಒಂದು ಏಟು ಹೊಡೆದಿದ್ದರೆ ಮುಜಫರನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಮತ್ತೆ ದಬ್ಬಣ ಕೈಗೆತ್ತಿಕೊಂಡ.

"ನನ್ನ ಮುಂದ ಹೇಳಿದ್ರ ಏನ ಬಂತ್ರಿ? ಯಾವ ಮಂದಿಗೆ ಕಳ್ಳ ಅಂದೀರಿ, ಆ ಮಂದಿಗೆ ಹೇಳ್ರಿ. ನನ್ನ ಮಗಳು ದಿನಾ ಸಾಲಿಗೆ ಹೋಗಬೇಕು."

ತಿರುಗಿ ಬರುವ ಬಸ್ಸಿನಲ್ಲಿ ಮುಜಫರ್ "ಹುಷಾರ್ ಸಂಶಿ"ಗೆ ಬರೆದ. ಬರೆದು ಅಳಿಸಿದ, ಅಳಿಸಿ ಬರೆದ. ಮೊದಲು "ತಪ್ಪು ತಿಳಿವಳಿಕೆಯಿಂದ" ಎಂದಿತ್ತು. ಇನ್ನೂ ಜೋಡಿಸುವ ಬುದ್ಧಿ ಬಿಟ್ಟಿಲ್ಲವಲ್ಲ ಎಂದು ತನ್ನ ಮೇಲೆ ತನಗೇ ಹೇಸಿಕೆಯಾಯಿತು. ಕೊನೆಗೆ ಹೀಗೆ ಕಳಿಸಿದ: "ನವಲಗುಂದದ ಇಮಾಮುದ್ದೀನ ನದಾಫ ಅವರು ಕಳ್ಳರಲ್ಲ. ಅವರ ಫೋಟೋ ಖರೇ ಎಂದು ಗೊತ್ತಿದ್ದೂ ನನ್ನ ಮನೆಯ ಸ್ವಾರ್ಥಕ್ಕೆ ನಾನು ಸುಳ್ಳು ಹೇಳಿದೆ. ಸುಳ್ಳುಗಾರ ನಾನು. ಇನ್ನು ಮುಂದೆ ಯಾರೂ ನನ್ನನ್ನು ಕೇಳಬೇಡಿ." ಸಂಶಿ ಬರುವ ತನಕ ಗುಂಪಿನಲ್ಲಿ ಒಂದು ಸೊಲ್ಲೂ ಇರಲಿಲ್ಲ. ಬಸಣ್ಣ ಮಾತ್ರ ಗುಂಪು ಬಿಟ್ಟುಹೋಗಿದ್ದ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ರೂಬಿನಾ ಹಿತ್ತಲಲ್ಲಿ ಅವ್ವನ ಬಟ್ಟೆ ಹಿಂಡುತ್ತಿದ್ದಳು. ಅವನನ್ನು ನೋಡಿ, "ಓದಿದೆ," ಎಂದಳು.

"ಅವ್ರದು ನಿಕಾ ಆಗೇತಿ ಬೇ."

"ಗೊತ್ತೈತಿ."

"ನಿನಗ ಎಲ್ಲಾ ಗೊತ್ತಿತ್ತು. ಆವತ್ತ ಯಾಕ ಬಾಯಿ ಬಿಡಲಿಲ್ಲ? ಸುಳ್ಳು ಹೇಳಬ್ಯಾಡಣ್ಣಾ ಅಂತ ಯಾಕ ಅನ್ನಲಿಲ್ಲ?"

ರೂಬಿನಾ ಹಿಂಡಿದ ಬಟ್ಟೆಯನ್ನು ಝಾಡಿಸಿ ತಂತಿಯ ಮೇಲೆ ಹಾಕಿದಳು. "ನಾ ಫೋಟೋ ಕೇಳಾಕ ಬಂದಿದ್ದಿಲ್ಲಣ್ಣಾ. ಇಷ್ಟ ವರ್ಷ ಸ್ಟುಡಿಯೋದಾಗ ನಿಂತೇನಿ, ಖರೇ ಖೋಟಾ ನನಗ ತಿಳಿಯೂದಿಲ್ಲೇನ? ಒಮ್ಮೆ ಸಂಸಾರ ಮುರಕೊಂಡ ಬಂದಾಕಿ, ನನ್ನ ಮತ್ತೊಮ್ಮೆ ಮದುವಿ ಮಾಡಿಕೊಡು ಅಂತ ಅಣ್ಣನ ಮುಂದ ನಿಂತು ಹೆಂಗ ಕೇಳಲಿ? ನಾಚಿಕಿ ಬಂತು. ಅದಕ್ಕ ಫೋನ್ ತಂದು ಇಟ್ಟೆ. ನೀ ಖರೇ ಅಂದಿದ್ರ, ಹೋಗು ಅಂದಂಗ. ಖೋಟಾ ಅಂದಿ. ಇಲ್ಲೇ ಇರು ಅಂದಂಗಾತು. ಇದ್ದೆ."

ಮುಜಫರನಿಗೆ ಕಣ್ಣೀರು ಬಂತು. ಒರೆಸಿಕೊಳ್ಳಲೂ ಇಲ್ಲ. "ನಾ ಬ್ಯಾರೆ ಕಡೆ ನೋಡ್ತೇನಿ ರೂಬಿ. ನಿನಗ ಒಪ್ಪಿಗಿ ಆಗೂವಂಥಾವ್ರನ್ನ. ಅವ್ವನ್ನ ನಾ ನೋಡ್ಕೋತೇನಿ. ತಿನ್ನಸ್ತೇನಿ, ತೊಳೀತೇನಿ. ಸ್ಟುಡಿಯೋ ಮುಚ್ಚಿದ್ರ ಮುಚ್ಚಲಿ. ನೀ ನಮ್ಮ ಚಿಂತಿ ಮಾಡಬ್ಯಾಡ, ಹೋಗು."

ರೂಬಿನಾ ಬುಟ್ಟಿಯಲ್ಲಿ ಉಳಿದಿದ್ದ ಬಟ್ಟೆಗಳನ್ನು ಒಂದೊಂದಾಗಿ ತಂತಿಗೆ ಹಾಕಿದಳು. ಎಲ್ಲ ಮುಗಿದ ಮೇಲೆ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಅದನ್ನು ಹಿಡಿದುಕೊಂಡಾದರೂ ಬದುಕುತ್ತಿದ್ದನೇನೋ.

"ಇಷ್ಟ ಮಾತು ಆವತ್ತ ಅಂದಿದ್ರ, ನಾ ಎಲ್ಲೂ ಹೋಗದಿದ್ರೂ ನಡೀತಿತ್ತಲ್ಲೋ ಅಣ್ಣಾ," ಎಂದಳು.